ನೊರೆ

ಇಪ್ಪತ್ತೆರಡು ವರ್ಷ ಸುರಿದೆ.
ಬುಸ್ಸೆಂದು ನೊರೆ ಉಕ್ಕಿದರೆ ಗಾಯ ಶುದ್ಧ, ಅಷ್ಟೇ ಗೊತ್ತಿದ್ದದ್ದು.
ಮೊನ್ನೆ ತರಬೇತಿಯಲ್ಲಿ ನನ್ನ ಮಗಳ ಪ್ರಾಯದವಳು
ಸ್ಲೈಡ್ ಸರಿಸುತ್ತ ಹೇಳಿದಳು:
ಆ ನೊರೆ ಹೊಸ ಮಾಂಸವನ್ನೂ ತಿನ್ನುತ್ತದೆ.
ಒಣಗಿಸಬೇಡಿ, ಹಸಿ ಇರಲಿ.

ಬೆಂಗ್ರೆಯ ದೂಮಪ್ಪ ಕರ್ಕೇರರ ಹಿಮ್ಮಡಿ.
ಮಂಚದ ಸರಳು ಹಿಡಿದು
"ಉರಿಯಲಿ ಸಿಸ್ಟರ್, ಉರಿದರೇ ಗುಣ" ಅನ್ನುತ್ತಿದ್ದರು.
ಹೌದು ಅಂದಿದ್ದೆ, ದಿನಾ ಬೆಳಿಗ್ಗೆ,
ಕಾಲು ತೆಗೆಯುವ ಮುಂಚಿನ ದಿನವೂ.

ಇವತ್ತು ಉಗುರುಬೆಚ್ಚಗಿನ ಸಲೈನ್.
ಕಾಗದದ ಅಳತೆಪಟ್ಟಿ: ಉದ್ದ ಮೂರು, ಅಗಲ ಎರಡೂವರೆ,
ತಳದಲ್ಲಿ ದಾಳಿಂಬೆ ಕಾಳಿನಂಥ ಕೆಂಪು.
ಧಕ್ಕೆಯಲ್ಲಿ ಮೀನು ಮಾರುವ ಗುಲಾಬಿಯಕ್ಕನಿಗೆ ಸಂಶಯ:
"ಉರಿಯುವುದೇ ಇಲ್ಲವಲ್ಲ, ಇದೆಂತ ಮದ್ದು?"

ಏನು ಹೇಳಲಿ.
ಬ್ಯಾಂಡೇಜಿನ ಅಂಚಿಗೆ ತಾರೀಕು ಬರೆದೆ,
ಮೂರು ದಿನ ಬಿಚ್ಚಬೇಡಿ ಅಂದೆ.
ಕೈ ಆಗಲೇ ಒಮ್ಮೆ
ಕಂದು ಬಾಟಲಿಯ ತನಕ ಹೋಗಿ ಬಂದಿತ್ತು.