ಮಂಗಳವಾರ ರಜೆ

ಜೆಪ್ಪು ಮಾರ್ಕೆಟ್ಟಿನ ಮೇಲಿನ ಇಳಿಜಾರಿನಲ್ಲಿ
ವಾಮನ ಭಂಡಾರಿಯವರ ಸೆಲೂನು.
ಬೋರ್ಡಿನಲ್ಲಿ ಕೆಂಪಕ್ಷರ: ಮಂಗಳವಾರ ರಜೆ.
ನಮ್ಮ ವಾರ ಶುರುವಾಗುವುದೇ ಆ ದಿನ.

ಅದಕ್ಕೂ ಮೊದಲು ನಾಲ್ಕು ಅಂಗಡಿ ಆಗಿತ್ತು.
ನಾಲ್ಕನೆಯದರಲ್ಲಿ ಮೆಷಿನ್ ಗುಂಯ್ ಎಂದದ್ದೇ
ಕುಶಲ ಕುರ್ಚಿಯಿಂದ ಹಾರಿ
ನೊರೆಯ ಬಟ್ಟಲು, ಕನ್ನಡಿಯ ಮೂಲೆ, ನನ್ನ ತುಟಿ
ಮೂರೂ ಒಡೆದವು.
ಪಕ್ಕದ ಕುರ್ಚಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತವರು
ಸೋಪಿನೊಳಗಿನಿಂದಲೇ ಹೇಳಿದರು:
"ಎರಡು ಬಿಡಬೇಕಿತ್ತು, ಸಣ್ಣದಿರುವಾಗಲೇ."
ಅರ್ಧ ತಲೆಗೆ ಪೂರ್ತಿ ಹಣ ಕೊಟ್ಟು ಬಂದೆ.
ಬಲಗಡೆ ಬೋಳು, ಎಡಗಡೆ ಕಾಡು,
ಒಂದು ತಿಂಗಳು ಹಾಗೆಯೇ ಶಾಲೆ, ಹಾಗೆಯೇ ಸಿಟಿ ಬಸ್ಸು.
ಟೋಪಿ ಇಟ್ಟರೆ ಕಿತ್ತೆಸೆಯುತ್ತಾನೆ.
ಜನ ನೋಡುತ್ತಾರೆ. ನೋಡಿದವರನ್ನು ನಾನು ನೋಡುವುದಿಲ್ಲ.

ಮೀನು ಕೊಳ್ಳುವಲ್ಲಿ ಭಂಡಾರಿಯವರು ನೋಡಿದರು,
ಬಂಗುಡೆಯ ಚೀಲ ಹಿಡಿದುಕೊಂಡು, ಬಹಳ ಹೊತ್ತು.
ಈಗ ಬರುತ್ತದೆ ಅಯ್ಯೋ ಪಾಪ, ಎಂದುಕೊಂಡೆ.
ಬಂದದ್ದು ಸಿಟ್ಟು:
"ಅರ್ಧಕ್ಕೆ ಬಿಟ್ಟ ಆ ಕೈ ಯಾರದ್ದು ಮಾರಾಯ್ರೆ?
ಮಂಗಳವಾರ ಕರ್ಕೊಂಡು ಬನ್ನಿ. ಯಾರೂ ಇರುವುದಿಲ್ಲ."

ಶಟರು ಸೊಂಟದವರೆಗೆ ಎತ್ತಿತ್ತು.
ಒಳಗೆ ಫ್ಯಾನಿಲ್ಲ, ರೇಡಿಯೋ ಇಲ್ಲ,
ಕನ್ನಡಿಗೆ ಹೆಂಡತಿಯ ಹಳೆ ಸೀರೆ.
ಮೊದಲ ವಾರ ಒಂದು ಕೂದಲೂ ಬೀಳಲಿಲ್ಲ.
ನೀರಿನ ಬಾಟಲಿ ಹಿಡಿದು ಕುಶಲನೇ ಅವರ ಮುಖಕ್ಕೆ ಚಿಮುಕಿಸಿದ,
ಚಿಮುಕಿಸಿದ,
ಐವತ್ತೆಂಟರ ಮನುಷ್ಯ ಒದ್ದೆ ಮೀಸೆಯಲ್ಲಿ ಕೂತೇ ಇದ್ದರು
ತಮ್ಮದೇ ಕುರ್ಚಿಯಲ್ಲಿ, ಗಿರಾಕಿಯಂತೆ.
ಎರಡನೇ ವಾರ ಕತ್ತರಿಯ ತಣ್ಣನೆ ಬೆನ್ನು ಅಂಗೈಗೆ.
ಮೂರನೇ ವಾರ ಕಿವಿಯ ಹಿಂದೆ ಒಂದು ಎಳೆ.
ಎಡಗಡೆ ಮುಗಿಯುವಷ್ಟರಲ್ಲಿ
ಬಲಗಡೆ ಬೆಳೆದುಬಿಟ್ಟಿತ್ತು.
ನಾವಿಬ್ಬರೂ ನಕ್ಕೆವು. ಅವನು ಮಾತ್ರ
ಫ್ಯಾನು ನಿಂತೇ ಇದೆಯಾ ಎಂದು ನೋಡುತ್ತಿದ್ದ.

ಹೊರಗೆ ಜಗಲಿಯಲ್ಲಿ ಒಂದು ಬೆಂಚು.
ಹೇಗೆ ಗೊತ್ತಾಯಿತೋ, ಮೈಮೂನಾ ಬಂದಳು
ಸಿನಾನ್‌ನ ಕೈ ಹಿಡಿದು. ಕೈಯಲ್ಲ, ಮಣಿಕಟ್ಟು.
ಓಡುವ ಮಕ್ಕಳ ಅಮ್ಮಂದಿರು ಹಿಡಿಯುವುದು ಹಾಗೆ,
ನೋಡಿದೊಡನೆ ಗುರುತಾಯಿತು.
ಬೋಳಾರದಿಂದ ಸಿಸಿಲಿಯಾ ಬಾಯಿ, ಮೊಮ್ಮಗ ಎಲ್ಟನ್ ಜೊತೆ,
ಚೀಲದಲ್ಲಿ ಅವನ ಟವೆಲು; ಅದೇ ಟವೆಲು, ಇನ್ನೊಂದಾಗದು.
"ಮಾತಾಡ್ತಾನಾ?" ಎಂದು ಆ ಬೆಂಚಿನಲ್ಲಿ ಯಾರೂ ಕೇಳಲಿಲ್ಲ.
ಕೇಳಿದ್ದು: "ನಿನ್ನೆ ಎಷ್ಟು ಗಂಟೆ ನಿದ್ದೆ ಆಯ್ತು, ನಿಮಗೆ?"

ಬೆಂಚಿನ ಮೇಲೆ ಒಂದೊಂದಾಗಿ ಕೈ ಬದಲಾದವು:
ವೆನ್‌ಲಾಕಿನಲ್ಲಿ ಸರ್ಟಿಫಿಕೇಟಿಗೆ ಯಾವ ಕಿಟಕಿ,
ಯಾವ ಟೀಚರು ಮೂಲೆಗೆ ಕೂರಿಸುವುದಿಲ್ಲ,
ಪಟಾಕಿಯ ರಾತ್ರಿಗೆ ಕಿವಿ ಮುಚ್ಚುವ ಸಾಮಾನು,
ಕೊನೆಗೆ, ಮನೆಯ ಬೀಗದ ಕೈ.
ಮಾವ ಆಸ್ಪತ್ರೆಯಲ್ಲಿದ್ದ ರಾತ್ರಿ
ಕುಶಲ ಮಲಗಿದ್ದು ಮೈಮೂನಾಳ ಮನೆಯಲ್ಲಿ.
ಬೆಳಗ್ಗೆ ಫೋನು: "ಬಿಳಿ ಅನ್ನ ತಿಂದ. ಗೋಡೆಗೆ ಒತ್ತಿ ಮಲಗಿದ.
ಬಳೆ ನಾಲ್ಕು ಒಡೆದ. ತೊಂದರೆ ಎಂತ ಇಲ್ಲ."

ಒಮ್ಮೆ ಸಂಘದವರೊಬ್ಬರು ಬುಲೆಟ್ಟಿನಲ್ಲಿ ಬಂದರು,
ರಜೆಯ ದಿನ ತೆರೆದರೆ ದಂಡ, ರಶೀದಿ ಪುಸ್ತಕ ಸಮೇತ.
"ತೆರೆದದ್ದಲ್ಲ," ಎಂದರು ಭಂಡಾರಿಯವರು, ಕತ್ತರಿ ನಿಲ್ಲಿಸದೆ,
"ಅರ್ಧ ಮುಚ್ಚಿದ್ದು."
ಅವರು ಬಗ್ಗಿ ಒಳಗೆ ಬಂದರು.
ಕನ್ನಡಿಯ ಸೀರೆ ನೋಡಿದರು,
ಎಲ್ಟನ್‌ನ ಕುತ್ತಿಗೆಯ ಟವೆಲು ನೋಡಿದರು,
ಬಗ್ಗಿ ಹೊರಗೆ ಹೋದರು.
ಬುಲೆಟ್ಟು ಸ್ಟಾರ್ಟ್ ಮಾಡಲಿಲ್ಲ.
ಇಳಿಜಾರಿನ ಕೊನೆಯ ತನಕ ತಳ್ಳಿಕೊಂಡೇ ಹೋದರು,
ಸದ್ದು ಶುರುವಾದದ್ದು ಮಾರ್ಕೆಟ್ಟು ದಾಟಿದ ಮೇಲೆ.
ದಂಡ ಬಂತೋ ಇಲ್ಲವೋ, ನಾನು ಕೇಳಿಲ್ಲ.

ಇವತ್ತು ಕುಶಲ ಕಚ್ಚಿದ.
ಭಂಡಾರಿಯವರು ಬೆರಳನ್ನು ಡೆಟಾಲಿಗೆ ಅದ್ದಿ
ಕತ್ತರಿ ಒರೆಸಿ ಒಳಗಿಟ್ಟರು.
ಬಲಗಡೆ ಮಾತ್ರ ಆಗಿದೆ.
ದಾರಿಯಲ್ಲಿ ಒಬ್ಬಾಕೆ ನಿಂತು ನೋಡಿದಳು.
ಈ ಸಲ ನಾನೂ ನೋಡಿದೆ.
"ಎಡಗಡೆ," ಎಂದೆ, "ಬರುವ ಮಂಗಳವಾರ."