ಇನ್ನೂರು ಅಡಿ

ಮೂವತ್ತೊಂದು ವರ್ಷ ಕೌನಸ್ ಊರಿನ ಟ್ರಾಲಿಬಸ್ಸು ಓಡಿಸಿದವನು
ನನ್ನ ಗಂಡ ವೀಗಾಂತಸ್.
ಹೋದ ಚಳಿಗಾಲ ಕೈಕೊಟ್ಟದ್ದು ಬಸ್ಸಲ್ಲ,
ಕೈಯೇ.
ಚಹಾದ ಚಮಚ ಬಸಿಯ ಮೇಲೆ ತಾನೇ ತಾನಾಗಿ
ಕಿಣಿಕಿಣಿ ಅಂದಿತು.
ಇಬ್ಬರೂ ಕಿಟಕಿಯಾಚೆ ನೋಡಿದೆವು,
ಸದ್ದು ಅಲ್ಲಿಂದ ಬಂದ ಹಾಗೆ.

ಈಗ ಆರನೇ ಮಹಡಿಯ ಅಡುಗೆಮನೆ, ರಾತ್ರಿ ಒಂಬತ್ತರ ಮೇಲೆ
ಕರ್ಮೆಲಾವಾ ವಿಮಾನ ನಿಲ್ದಾಣಕ್ಕೆ ಇಪ್ಪತ್ತು ಮೈಲಿ.
ಬೀಟ್‌ರೂಟ್ ಹೆಚ್ಚುವ ಮೇಜಿನ ಮೇಲೆ ಕಂಪ್ಯೂಟರು,
ಪರದೆಯ ತುಂಬ ಮಂಜು.
ಹವೆಯನ್ನು ಅವನೇ ಆರಿಸುತ್ತಾನೆ; ಯಾವಾಗಲೂ ಮಂಜೇ.
"ದಂಗುವೋಲೆ, ಓದು" ಎನ್ನುತ್ತಾನೆ.
ನನ್ನ ಹೆಸರಿನೊಳಗೆ ನಮ್ಮ ಭಾಷೆಯ ಆಕಾಶವಿದೆಯಂತೆ,
ಅದಕ್ಕೇ ನಾನು ಸಹಪೈಲಟ್ಟು.
ಹಗಲೆಲ್ಲ ಕಂಡವರ ಕಟ್ಟುಹಲ್ಲಿಗೆ ಎರಕ ಹೊಯ್ಯುವವಳು
ಉಪ್ಪಿನಕಾಯಿಯ ಅಳತೆ ಓದುವ ದನಿಯಲ್ಲಿ ಓದುತ್ತೇನೆ:
ವೇಗ ನೂರ ಅರವತ್ತು. ಎತ್ತರ ಮೂರು ಸಾವಿರ.
ಚಕ್ರ ಕೆಳಗೆ.

"ಇದೂ ತಂತಿಯೇ ಕಣೇ.
ರನ್‌ವೇಯಿಂದ ಎದ್ದು ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.
ಒಂದು ಎಡ-ಬಲದ್ದು, ಒಂದು ಇಳಿಜಾರಿನದು.
ಕೆಳಗಿನಿಂದ ಬಂದು ಹಿಡಿಯಬೇಕು,
ಮೇಲಿಂದ ಬಿದ್ದು ಹಿಡಿಯುತ್ತೇನೆಂದರೆ ಸಿಗುವುದಲ್ಲ."
ಟ್ರಾಲಿಯ ಕೋಲು ತಂತಿ ತಪ್ಪಿದಾಗ
ಹಿಮದಲ್ಲಿಳಿದು ಹಗ್ಗ ಜಗ್ಗಿ ಮತ್ತೆ ಕೂರಿಸುತ್ತಿದ್ದವನು.
ಒಳಗೆ ಕತ್ತಲಲ್ಲಿ ನಲವತ್ತು ಜನ,
ಅವರಲ್ಲಿ ಒಬ್ಬಳಾದರೂ ಅವನ ವಂಶವನ್ನೆಲ್ಲ ಬೈಯುತ್ತ.

ನಿನ್ನೆ ನಾನು ಒಂದು ಸಾಲು ಬಿಟ್ಟೆ.
ಅಪ್ರೋಚ್ ಗುಂಡಿ ಒತ್ತು ಎಂಬುದರ ಮೇಲೆ
ಸಾರಿನ ಕಲೆ.
ಆಟೋಪೈಲಟ್ಟಿನದು ತಪ್ಪಿಲ್ಲ, ಹೇಳಿದ್ದಷ್ಟನ್ನೇ ಮಾಡಿತು:
ಮೂರು ಸಾವಿರ ಎಂದಿದ್ದೆವು, ಮೂರು ಸಾವಿರದಲ್ಲೇ
ನೆಟ್ಟಗೆ, ಗಂಭೀರವಾಗಿ, ಬೀಗರ ಮನೆಗೆ ಹೊರಟ ಹಿರಿಯನ ಹಾಗೆ
ರನ್‌ವೇಯನ್ನು ದಾಟಿ ಹೋಯಿತು.
ಮಂಜಿನ ತಳದಲ್ಲಿ ದೀಪದ ಸಾಲು ಹಿಂದಕ್ಕೆ ಜಾರಿತು.
"ಸ್ಟಾಪ್ ಬಿಟ್ಟುಹೋಯಿತು" ಅಂದ, ಬೈಯಲಿಲ್ಲ.

ಎರಡನೇ ಸಲ ಎಲ್ಲ ಒತ್ತಿದೆವು.
ದೊಡ್ಡ ವಿಮಾನ, ಎರಡೆರಡು ಆಟೋಪೈಲಟ್ಟು.
ಐವತ್ತು, ನಲವತ್ತು, ಮೂವತ್ತು, ಯಾರೋ ಗಂಡಸು ಎಣಿಸಿದ,
ಮೂಗು ತಾನೇ ಎತ್ತಿತು, ಕೂತಿತು, ನಡುಗೆರೆಯ ಮೇಲೇ ಓಡಿ ನಿಂತಿತು.
ಅವನ ಎರಡೂ ಕೈ ತೊಡೆಯಡಿಯಲ್ಲಿದ್ದವು,
ಏಟಿಗೆ ಹೆದರಿದ ಹುಡುಗನ ಹಾಗೆ.
"ಚೆನ್ನಾಗಿಳಿಯಿತು" ಅಂದೆ.
"ಯಾರದು?" ಅಂದ.

ಇವತ್ತು ಸಣ್ಣದನ್ನು ತೆಗೆದಿದ್ದಾನೆ, ಒಂದೇ ಪ್ರೊಪೆಲರಿನದು.
ಇದರ ಆಟೋಪೈಲಟ್ಟಿಗೆ ತಂತಿ ಗೊತ್ತು,
ನೆಲ ಗೊತ್ತಿಲ್ಲ.
ಬಿಟ್ಟರೆ ಅದೇ ಇಳಿಜಾರಿನಲ್ಲಿ
ಅಷ್ಟೇ ಶ್ರದ್ಧೆಯಿಂದ ನೆಲಕ್ಕೆ ಕುಟ್ಟುತ್ತದೆ.
ಇನ್ನೂರು ಅಡಿಗೆ ಬಿಡಿಸಬೇಕು. ಮಿಕ್ಕದ್ದು ಕೈಗೆ ಬಿಟ್ಟದ್ದು.

ಎಂಟುನೂರು. ಆರುನೂರು.
ಕಿಟಕಿಯಾಚೆಯೂ ಮಂಜು, ಅದು ಅವನು ಆರಿಸಿದ್ದಲ್ಲ.
ಎದುರು ಬ್ಲಾಕಿನಲ್ಲಿ ಯಾರದೋ ಬಾಲ್ಕನಿಯ ಹಳದಿ ಬಲ್ಬು.
ನಾನೂರು. ಮುನ್ನೂರು.
ಇನ್ನೂರು.

ಗುಂಡಿ ಒತ್ತಿದ. ಪೀಂ ಪೀಂ ಎಂದು ಯಂತ್ರ ಕೈ ತೊಳೆದುಕೊಂಡಿತು.
ಕೋಲು ನಡುಗಿತು, ರೆಕ್ಕೆ ನಡುಗಿತು,
ದೀಪಗಳು ನಡುಗಿದವು,
ಕರ್ಮೆಲಾವಾಕ್ಕೆ ಕರ್ಮೆಲಾವಾವೇ ನಡುಗಿತು.
ನಾನು ಕೈ ಚಾಚಲಿಲ್ಲ.
ಓದುವುದಕ್ಕೂ ಸಾಲು ಉಳಿದಿರಲಿಲ್ಲ.

ಒಮ್ಮೆ ಪುಟಿಯಿತು. ಎರಡನೆಯದು ಇನ್ನೂ ಜೋರು.
ಮೂರನೆಯದಕ್ಕೆ ಹುಲ್ಲಿಗಿಳಿದು, ಒಂದು ದೀಪ ಮುರಿದು,
ಓರೆಯಾಗಿ ನಿಂತಿತು.
ಮೊಣಕಾಲು ಮೇಜಿಗೆ ಬಡಿದು ಬೀಟ್‌ರೂಟು ಒಲೆಯವರೆಗೆ ಉರುಳಿತ್ತು.
ಕೆಳಮನೆಯ ಬ್ರೊನೆ ಪೊರಕೆಯ ಹಿಡಿಯಿಂದ
ನಮ್ಮ ನೆಲಕ್ಕೆ ಮೂರು ಸಲ ಗುದ್ದಿದಳು.

"ಪ್ರಯಾಣಿಕರ ದೂರು" ಅಂದ ವೀಗಾಂತಸ್.
ಇಂಜಿನ್ನು ಆರಿಸಿದ.
ಆಮೇಲೆ ಅವನ ಎಡಗೈ, ಅವನಿಗೇ ತಿಳಿಯದ ಹಾಗೆ,
ಮೇಜಿನಂಚಿನಲ್ಲಿ ತಡಕುತ್ತಿತ್ತು
ಬಾಗಿಲು ತೆರೆಯುವ ಗುಂಡಿಗಾಗಿ.