ಹಸು ತಿನ್ನದ ಟೊಪ್ಪಿ

ಗಾಂಧಿ ಬಜಾರಿನ ಖಲಂದರ್ ಭಾಯ್
ಟೊಪ್ಪಿಯನ್ನು ಒದ್ದೆ ಪಂಚೆಯಂತೆ ಹಿಂಡಿ
ಸ್ಟೂಲಿನ ಮೇಲಿಟ್ಟು, ಅದರ ಮೇಲೇ ಕೂತರು.
ಅವರು ಎದ್ದಾಗ ಅದೂ ಎದ್ದಿತು,
ಏನೂ ಆಗಿಲ್ಲವೆಂಬಂತೆ.

"ಪ್ಲಾಸ್ಟಿಕ್ ನಾರು, ಪಿಗ್ಮಿ ಅಕ್ಕ. ನೆಂದರೂ ಕೊಳೆಯಲ್ಲ.
ಬ್ಯಾಗಿನ ತಳಕ್ಕೆ ತುರುಕಿ ಹಂಪಿಗೆ ಹೋಗಿಬನ್ನಿ."

ಹೋದ ವರ್ಷದ್ದು ನಿಜವಾದ ಹುಲ್ಲಿನದು.
ಬೆವರು ತಾಗಿದರೆ ಗದ್ದೆ ಕೊಯ್ದ ಸಂಜೆಯ ವಾಸನೆ.
ಭದ್ರಾವತಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲಿಟ್ಟು
ಒಂದು ರಸೀದಿ ಹರಿದುಕೊಡುವಷ್ಟರಲ್ಲಿ
ಬಿಳಿ ಹಸುವೊಂದು ಅಂಚಿನಿಂದ ಶುರು ಮಾಡಿತ್ತು.
ನೆತ್ತಿಯ ತನಕ ತಿಂದು
ರಿಬ್ಬನ್ನು ಮಾತ್ರ ಉಗುಳಿತು.

ಹೊಸದನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದೆ.
ಹೆಣಿಗೆ ಒತ್ತಾಗಿದೆ; ಬಿಸಿಲಿನ ಒಂದು ಕಾಳೂ
ಕೆನ್ನೆಗೆ ಉದುರಲಿಲ್ಲ. ಅಂಚಿನೊಳಗೆ ತಂತಿ,
ಗದ್ದಕ್ಕೊಂದು ದಾರ, ಆಟೋದ ಗಾಳಿಗೆ ಬೇಕೇಬೇಕು.
ಮುನ್ನೂರೈವತ್ತು ಅಂದವರು ಮುನ್ನೂರಕ್ಕೆ ಇಳಿದರು.
ಅವರ ಇವತ್ತಿನ ಪಿಗ್ಮಿ ಐವತ್ತು ಮುರಿದುಕೊಂಡು
ಇನ್ನೂರೈವತ್ತು ಎಣಿಸಿದೆ.
ರಸೀದಿ ಬರೆಯುವಾಗ ಅಂಚಿನ ನೆರಳು
ಪುಸ್ತಕವನ್ನೂ ಮುಚ್ಚಿತು.

ಏಪ್ರಿಲ್ಲಿನ ಹನ್ನೆರಡು ಗಂಟೆ.
ದುರ್ಗಿಗುಡಿಯ ತಿರುವಿನಲ್ಲಿ
ಚಪ್ಪಲಿಯ ಪಟ್ಟಿ ಸರಿಮಾಡಲು ಬಗ್ಗಿದೆ.
ನೆತ್ತಿಯ ಮೇಲೆ ಬಿಸಿಯುಸಿರು.
ಹಸು! ಕತ್ತು ಚಾಚಿ ಮೂಸಿತು,
ತುಸು ಯೋಚಿಸಿತು,
ಪಕ್ಕದ ಗೋಡೆಯ ಪೋಸ್ಟರಿಗೆ ಬಾಯಿ ಹಾಕಿತು.

ತಲೆ ತಣ್ಣಗಿದೆ, ದುಡ್ಡೂ ದಂಡವಾಗಲಿಲ್ಲ.
ಇನ್ನೂ ಹನ್ನೊಂದು ಅಂಗಡಿ ಬಾಕಿ.
ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ,
ಅದು ಇನ್ನೊಮ್ಮೆ ತಿರುಗಿ ನೋಡೀತೇನೋ ಎಂದು.